ಅಮೆರಿಕದ ಫೆಡರಲ್ ಕೋರ್ಟಲ್ಲಿ ಶಿಕ್ಷೆ ರದ್ದು ಮಾಡಿ ಅಂತ ತಮ್ಮ ಹಾಕಿದ 2255 ಮೋಷನ್ ವಜಾ ಆಗಿದೆ, ಸಿಒಎ (ಅಪೀಲಿಗೆ ಬೇಕಾದ ಸರ್ಟಿಫಿಕೇಟ್ ಆಫ್ ಅಪೀಲಬಿಲಿಟಿ) ಕೂಡ ಕೊಟ್ಟಿಲ್ಲ. ಮೊದಲು ಅದೇ ಜಡ್ಜ್ ಹತ್ತಿರ ಮರುಪರಿಶೀಲನೆ ಕೇಳೋದಾ?

ಬೇಡ. ಮೊದಲು ನೋಟಿಸ್ ಆಫ್ ಅಪೀಲ್ ಹಾಕಿಸಿ. ಇದೇ ಗೊಂದಲದಲ್ಲಿ ಅಣ್ಣನ ಅಪೀಲು ಕಳೆದವನು ನಾನು.

ಅವನ ಆರ್ಡರಿನ ಕೊನೇ ಸಾಲಲ್ಲೂ ಸಿಒಎ ನಿರಾಕರಿಸಿದ್ದರು. ಆ ನಿರಾಕರಣೆಯನ್ನು ಮರುಪರಿಶೀಲಿಸಿ ಅಂತ ಅದೇ ಜಡ್ಜ್‌ಗೆ ಅರ್ಜಿ ಹಾಕಿಸಿದೆ. ಅದು ಇತ್ಯರ್ಥ ಆಗೋವರೆಗೆ ಗಡುವು ಓಡಲ್ಲ ಅಂದುಕೊಂಡಿದ್ದೆ. ಓಡುತ್ತಿತ್ತು. 2255 ಪ್ರಕರಣಗಳಿಗೇ ಇರುವ ನಿಯಮಾವಳಿಯ 11(ಎ) ಇದನ್ನು ನೇರವಾಗಿ ಹೇಳುತ್ತೆ: ಸಿಒಎ ನಿರಾಕರಣೆ ಬಗ್ಗೆ ಮರುಪರಿಶೀಲನೆ ಕೇಳಿದರೆ ಅಪೀಲಿನ ಅವಧಿ ಹಿಗ್ಗಲ್ಲ. ಹಿಗ್ಗೋದು ತೀರ್ಪಿನ ಮೇಲೇ, 28 ದಿನದೊಳಗೆ, ಸಿವಿಲ್ ನಿಯಮ 59(ಇ) ಅಡಿ ಅರ್ಜಿ ಹಾಕಿದರೆ. ಎರಡೂ ಕಾಗದದ ತಲೆಬರಹ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ, ಪರಿಣಾಮ ಪೂರ್ತಿ ಬೇರೆ. ನನಗೆ ಗೊತ್ತಾದಾಗ 74ನೇ ದಿನ. ಗಡುವು 60. ಮುಗಿದ ಮೇಲೂ 30 ದಿನದೊಳಗೆ ವಿಸ್ತರಣೆ ಕೇಳಬಹುದು, ಕೇಳಿದೆವು. ನಿಯಮ ತಪ್ಪಾಗಿ ಓದಿಕೊಂಡಿದ್ದು ಕ್ಷಮಿಸುವಂಥ ಕಾರಣ ಅಲ್ಲ ಅಂದರು. ಸುಪ್ರೀಂ ಕೋರ್ಟಿನ ಬೌಲ್ಸ್ ಪ್ರಕರಣದಲ್ಲಿ (2007) ಅಪೀಲಿಗೆ ಮತ್ತೆ ತೆರೆದ ಅವಧಿಯನ್ನು ಜಡ್ಜೇ 14ರ ಬದಲು 17 ದಿನ ಅಂತ ತಪ್ಪಾಗಿ ಬರೆದುಕೊಟ್ಟಿದ್ದರು. 16ನೇ ದಿನ ಹಾಕಿದ ಅಪೀಲೂ ನಿಲ್ಲಲಿಲ್ಲ.

ಆ 60 ದಿನ ಆರ್ಡರ್ ಡಾಕೆಟ್‌ಗೆ (ಕೋರ್ಟಿನ ದಾಖಲೆ ಪಟ್ಟಿಗೆ) ಏರಿದ ದಿನದಿಂದ, ಜೈಲಿಗೆ ಕಾಗದ ತಲುಪಿದ ದಿನದಿಂದ ಅಲ್ಲ. ನೋಟಿಸ್ ಒಂದೇ ಪುಟ: ಅಪೀಲು ಯಾರದು, ಯಾವ ಆರ್ಡರ್ ಮೇಲೆ, ಯಾವ ಸರ್ಕಿಟ್‌ಗೆ (ಅಪೀಲು ಕೇಳುವ ಮೇಲಿನ ಫೆಡರಲ್ ಕೋರ್ಟಿಗೆ). ಕೊಡಬೇಕಾದ್ದು ಶಿಕ್ಷೆ ವಿಧಿಸಿದ ಡಿಸ್ಟ್ರಿಕ್ಟ್ ಕೋರ್ಟಿನ ಕ್ಲರ್ಕ್‌ಗೆ. ವಕೀಲರಿಲ್ಲದಿದ್ದರೆ ಸಹಿ ತಮ್ಮನದೇ ಇರಲಿ, ನೀವು ಹಾಕಬೇಡಿ. ಜೈಲಿನ ಲೀಗಲ್ ಮೇಲ್‌ನಲ್ಲೇ ಕೊಡಲಿ, ಕೊಟ್ಟ ತಾರೀಖು ಮತ್ತು ಫಸ್ಟ್ ಕ್ಲಾಸ್ ಅಂಚೆ ವೆಚ್ಚ ಕಟ್ಟಿದ್ದನ್ನು ಪ್ರಮಾಣ ಮಾಡಿ ಬರೆದು ಲಗತ್ತಿಸಲಿ. ಆಗ ಕೊಟ್ಟ ದಿನವೇ ಸಲ್ಲಿಸಿದ ದಿನ. ನೀವು ಮನೆಯಿಂದ ಪೋಸ್ಟ್ ಮಾಡಿದರೆ ಈ ಅನುಕೂಲ ಸಿಗಲ್ಲ.

ಜಡ್ಜ್ ಸಿಒಎ ಕೊಡದಿದ್ದರೆ ದಾರಿ ಮುಚ್ಚಿತು ಅನ್ನೋದೇ ತಪ್ಪು. ಆ ನಿರಾಕರಣೆ ಮೇಲೆ ಅಪೀಲಿಲ್ಲ ನಿಜ, ಆದರೆ ಸರ್ಕಿಟ್ ಕೋರ್ಟನ್ನೇ ಕೇಳಬಹುದು. ಬೇರೆ ಅರ್ಜಿ ಹಾಕದಿದ್ದರೂ ನೋಟಿಸನ್ನೇ ಆ ಕೋರಿಕೆ ಅಂತ ಪರಿಗಣಿಸ್ತಾರೆ. ಅದನ್ನೇ ನಂಬಿ ಕೂರಬೇಡಿ, ಅರ್ಜಿ ಬರೆಯಿರಿ. ಗೆದ್ದೇ ಗೆಲ್ತೀವಿ ಅಂತ ತೋರಿಸಬೇಕಿಲ್ಲ. ಜಡ್ಜ್ ತೀರ್ಮಾನದ ಬಗ್ಗೆ ತಿಳಿದ ನ್ಯಾಯವಾದಿಗಳಲ್ಲಿ ಎರಡು ಮಾತು ಇರಬಹುದು ಅಂತ ತೋರಿಸಿದರೆ ಸಾಕು, ಆದರೆ ಪ್ರಶ್ನೆ ಸಂವಿಧಾನದತ್ತ ಹಕ್ಕಿನದೇ ಆಗಿರಬೇಕು. 2255 ಮೋಷನ್ ಹಾಕೋಕೆ ಇರುವ ಒಂದು ವರ್ಷದ ಮಿತಿ ಮೀರಿದೆ ಅಂತ ವಜಾ ಆಗಿದ್ದರೆ ಎರಡನ್ನೂ ತೋರಿಸಬೇಕು: ಮಿತಿಯ ಲೆಕ್ಕವೂ ಚರ್ಚಾಸ್ಪದ, ಒಳಗಿನ ಹಕ್ಕಿನ ಪ್ರಶ್ನೆಯೂ ಚರ್ಚಾಸ್ಪದ. ಹನ್ನೆರಡು ತಕರಾರು ತುರುಕೋದಕ್ಕಿಂತ ಗಟ್ಟಿಯಾದ ಎರಡು ಮೇಲು.

ಶುಲ್ಕ 605 ಡಾಲರ್. ಇಲ್ಲದಿದ್ದರೆ ವಿನಾಯಿತಿಗೆ ಜೈಲಿನ ಖಾತೆಯ ಲೆಕ್ಕಪತ್ರ ಸಮೇತ ಅರ್ಜಿ ಹಾಕಬಹುದು. ದುಡ್ಡು ಹೊಂದಿಸೋಕೆ ಅಂತ ನೋಟಿಸ್ ತಡೆಹಿಡಿಯಬೇಡಿ, ಶುಲ್ಕ ಆಮೇಲೆ ಕಟ್ಟಿದರೂ ನೋಟಿಸ್ ಊರ್ಜಿತ.