ಮೂರು ಸ್ಪರ್ಧೆಯಲ್ಲೂ ಹೆಸರು ಬರಲಿಲ್ಲ, ಮತ್ತೆ ಬರೆಯಲಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮನೆಯವರದ್ದೇ ಆಲೆಮನೆ ಇದೆ. ಹಗಲು ಅಲ್ಲಿ ಕೆಲಸ, ರಾತ್ರಿ ಸಿನಿಮಾಕ್ಕೆ ಅಂತ ಬರೆಯುತ್ತೇನೆ. ಎರಡು ವರ್ಷದಲ್ಲಿ ಒಂದು ಸ್ಕ್ರಿಪ್ಟನ್ನು ಮೂರು ಚಿತ್ರಕಥೆ ಸ್ಪರ್ಧೆಗೆ ಕಳಿಸಿದೆ. ಒಂದರಲ್ಲೂ ಹೆಸರು ಬರಲಿಲ್ಲ. ಯಾಕೆ ಬರಲಿಲ್ಲ ಅಂತಲೂ ಗೊತ್ತಾಗಲಿಲ್ಲ. ಅಪ್ಪ ‘ಸುಮ್ನೆ ಫೀಸು ದಂಡ’ ಅಂತಾರೆ. ಸ್ಪರ್ಧೆಗೆ ಬರೆದು ಬರೆದು ಯಾರಾದರೂ ಬರಹಗಾರ ಆಗುತ್ತಾರಾ? ಮೊದಲ ಹತ್ತು ಪುಟ ಜೊತೆಯಲ್ಲಿ ಇಟ್ಟಿದ್ದೇನೆ.
— ಹೆಸರು ಬೇಡ, ಪಾಂಡವಪುರ

ಉತ್ತರ: ನಿಮ್ಮ ಹತ್ತು ಪುಟ ಎರಡು ಸಲ ಓದಿದೆ. ಮೊದಲು ಅದರ ಮಾತು, ಸ್ಪರ್ಧೆಯ ವಿಚಾರ ಆಮೇಲೆ.

ಮೊದಲ ಪುಟದಲ್ಲಿ ಊರಿಗೆ ಬೆಳಕು ಹರಿಯುತ್ತದೆ. ಆಮೇಲೆ ನಾಯಕನ ಗೆಳೆಯರು ಟೀ ಅಂಗಡಿಯಲ್ಲಿ ಕೂತು ಅವನ ಬಗ್ಗೆ ಮಾತಾಡುತ್ತಾರೆ. ಅಪ್ಪನಿಗೂ ಮಗನಿಗೂ ಆಗಿಬರಲ್ಲ ಅನ್ನೋದನ್ನು ಆರನೇ ಪುಟದವರೆಗೂ ಬೇರೆಯವರ ಬಾಯಲ್ಲೇ ಕೇಳುತ್ತೇವೆ. ಏಳನೇ ಪುಟಕ್ಕೆ ಆಲೆಮನೆ ಬಂತು. ಅಲ್ಲಿ ನಾನು ಎದ್ದು ಕೂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು ಗಟ್ಟಿಯಾಗಿದೆ. ಅಪ್ಪ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡುತ್ತಾನೆ. ಮಗ ‘ಬಂತು, ಇಳಿಸಾಣ’ ಅನ್ನುತ್ತಾನೆ. ಅಪ್ಪ ತಿರುಗಿಯೂ ನೋಡಲ್ಲ. ಇನ್ನೊಂದು ಸಲ ಪಾಕ ತೆಗೆಯುತ್ತಾನೆ.

ಎಂಥಾ ಸೀನ್ ಅದು! ಈ ಅಪ್ಪ ಒಂದು ದಿನವೂ ಮಗನ ಮಾತು ನಂಬಿದವನಲ್ಲ ಅಂತ ಆ ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಆದರೆ ಅದರ ಕೆಳಗೇ ಮಗನಿಗೆ ಒಂದು ಡೈಲಾಗ್ ಕೊಟ್ಟಿದ್ದೀರಿ: ‘ನೀನು ಯಾವತ್ತು ನನ್ನ ನಂಬಿದ್ದೀಯ ಅಪ್ಪಾ?’ ಅದನ್ನು ಹೊಡೆದುಹಾಕಿ. ಕಣ್ಣಲ್ಲಿ ನೋಡಿ ಆಯ್ತು, ಮತ್ತೆ ಕಿವಿಗೆ ಯಾಕೆ? ಈ ಸೀನನ್ನು ಏಳನೇ ಪುಟದಿಂದ ಎತ್ತಿ ಒಂದನೇ ಪುಟಕ್ಕೆ ತನ್ನಿ. ಟೀ ಅಂಗಡಿಯ ಅಷ್ಟೂ ಮಾತು ತಾನಾಗಿಯೇ ಉದುರಿಹೋಗುತ್ತದೆ.

ಒಂದನೇ ಪುಟಕ್ಕೇ ತನ್ನಿ ಅಂತ ಯಾಕೆ ಹೇಳುತ್ತೇನೆ ಗೊತ್ತಾ? ಕೆಲವು ವರ್ಷದ ಹಿಂದೆ ಒಂದು ಸ್ಪರ್ಧೆಗೆ ನಾನು ಮೊದಲ ಸುತ್ತಿನ ಓದು ಮಾಡಿಕೊಟ್ಟಿದ್ದೆ. ಹದಿನೈದು ದಿನ, 60 ಸ್ಕ್ರಿಪ್ಟ್. ಇಲ್ಲೇ ಮೈಸೂರಿನ ಸರಸ್ವತಿಪುರಂ ಮನೆಯ ಊಟದ ಮೇಜಿನ ಮೇಲೆ ಕಟ್ಟು ಕಟ್ಟಿ ಇಟ್ಟಿದ್ದರು. ದಿನಕ್ಕೆ ನಾಲ್ಕು ಅಂದರೆ ನಾಲ್ಕು ನೂರು ಪುಟ ದಾಟುತ್ತದೆ. ಪೂರ್ತಿ ಓದಲೇಬೇಕು ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ, ಓದಿದೆ ಕೂಡ. ಆದರೆ ಹತ್ತನೇ ಪುಟದ ಹೊತ್ತಿಗೆ ‘ಇವರಿಗೆ ಬರೆಯೋಕೆ ಬರುತ್ತೆ’ ಅಥವಾ ‘ಇನ್ನೂ ಇಲ್ಲ’ ಅಂತ ಮನಸ್ಸು ತೀರ್ಮಾನ ಮಾಡಿರುತ್ತಿತ್ತು. ಆಮೇಲಿನ ಪುಟಗಳು ಅದನ್ನು ಬದಲಾಯಿಸಿದ್ದು ಎರಡು ಮೂರು ಸಲ ಮಾತ್ರ. ನಿಮ್ಮ ಆಲೆಮನೆ ಏಳನೇ ಪುಟದಲ್ಲಿದೆ. ಅಷ್ಟು ಹೊತ್ತಿಗೆ ಓದುವವರು ದಣಿದಿರುತ್ತಾರೆ.

ಈಗ ನಿಮ್ಮ ಪ್ರಶ್ನೆ. ಸ್ಪರ್ಧೆಗೆ ಬರೆದು ಬರಹಗಾರ ಆಗಬಹುದು. ಆದರೆ ಮೂರು ಸಲವೂ ಒಂದೇ ಸ್ಕ್ರಿಪ್ಟ್ ಕಳಿಸಿದೆ ಅಂದಿರಲ್ಲ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ತಿದ್ದಿದಿರಿ? ಪತ್ರದಲ್ಲಿ ಆ ಮಾತೇ ಇಲ್ಲ. ನನ್ನ ಚಿಂತೆ ಇರೋದು ಅಲ್ಲೇ. ಸ್ಪರ್ಧೆ ನಿಮಗೆ ಕೊಡೋದು ಒಂದು ಕೊನೆಯ ದಿನಾಂಕ, ಪುಟಗಳಿಗೊಂದು ಮಿತಿ, ನಿಮ್ಮ ಮುಖ ನೋಡದ ಒಬ್ಬ ಓದುಗ. ಇವು ಮೂರೂ ಮನೆಯಲ್ಲಿ ಸಿಗಲ್ಲ. ಅದಕ್ಕೇ ಫೀಸು. ತಿದ್ದದೆ ಕಳಿಸಿದರೆ ಮಾತ್ರ ಅಪ್ಪ ಹೇಳಿದ್ದು ನಿಜವಾಗುತ್ತದೆ.

ನನ್ನದೇ ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ನಾನು ಕಳಿಸಿದ ಮೊದಲ ಚಿತ್ರಕಥೆ ಕೈಬರಹದಲ್ಲಿ 210 ಪುಟ ಇತ್ತು. ನಿಯಮದಲ್ಲಿ 120 ಅಂತ ಇತ್ತು. ಕಥೆ ಚೆನ್ನಾಗಿದ್ದರೆ ಪುಟ ಯಾರು ಎಣಿಸುತ್ತಾರೆ ಅಂದುಕೊಂಡಿದ್ದೆ. ಕಟ್ಟು ಹಾಗೇ ವಾಪಸ್ ಬಂತು, ಜೊತೆಗೊಂದು ಚೀಟಿ: ಪುಟ ಜಾಸ್ತಿ, ಓದಿಲ್ಲ. ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಮೂರು ತಿಂಗಳು ಕೂತು ಅದನ್ನು 118ಕ್ಕೆ ಇಳಿಸಿದೆ. ಒಂದು ಮದುವೆ ಹದಿನಾಲ್ಕು ಪುಟ ತಿಂದಿತ್ತು. ವರಪೂಜೆಯಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಎಲ್ಲಾ ಬರೆದಿದ್ದೆ. ಅದು ಮುಕ್ಕಾಲು ಪುಟ ಆಯಿತು: ಆಳು ಚಪ್ಪರದ ಗಳ ಕಳಚುತ್ತಿದ್ದಾನೆ, ಹುಡುಗಿಯ ತಾಯಿ ಖಾಲಿ ಅಂಗಳದಲ್ಲಿ ಉದುರಿದ ಮಾವಿನ ಎಲೆ ಆರಿಸುತ್ತಿದ್ದಾಳೆ. ಆ 118 ಪುಟಕ್ಕೂ ಬಹುಮಾನ ಬರಲಿಲ್ಲ. ಆದರೆ ಅದನ್ನು ಓದಿದವರೊಬ್ಬರು ಕರೆದು ಒಂದು ಧಾರಾವಾಹಿಗೆ ಎಪಿಸೋಡ್ ಬರೆಸಿದರು. ನನ್ನ ಅನ್ನ ಶುರುವಾಗಿದ್ದು ಅಲ್ಲಿಂದ.

ಫೀಸಿನ ವಿಚಾರಕ್ಕೆ ಬಂದರೆ, ವರ್ಷಕ್ಕೆ ಎರಡು ಸಾಕು. ಓದಿದವರ ಅಭಿಪ್ರಾಯ ಬರೆದು ಕೊಡುವ ಸ್ಪರ್ಧೆ ಸಿಕ್ಕರೆ ಅದನ್ನೇ ಮೊದಲು ಆರಿಸಿ. ಸ್ವಲ್ಪ ಕೈ ಪಳಗಿದ ಮೇಲೆ ಕೇಂದ್ರ ಸರ್ಕಾರದ ಸಿನಿಮಾ ಸಂಸ್ಥೆ ಎನ್‌ಎಫ್‌ಡಿಸಿಯ ಸ್ಕ್ರೀನ್‌ರೈಟರ್ಸ್ ಲ್ಯಾಬ್‌ಗೆ ಪ್ರಯತ್ನ ಮಾಡಿ. ಅಲ್ಲಿ ಆಯ್ಕೆಯಾದರೆ ಅನುಭವಿ ಬರಹಗಾರರು ನಿಮ್ಮ ಜೊತೆ ಕೂತು ಸ್ಕ್ರಿಪ್ಟ್ ತಿದ್ದಿಸುತ್ತಾರೆ. 2013ರ ‘ದಿ ಲಂಚ್‌ಬಾಕ್ಸ್’ ಚಿತ್ರಕಥೆ ಹಾಗೆ ಆ ಲ್ಯಾಬ್‌ನಲ್ಲಿ ಬೆಳೆದದ್ದು. ಅಲ್ಲಿಯವರೆಗೆ ಮೈಸೂರಿಗೆ ಬಂದಾಗ ರಂಗಾಯಣದ ಕಡೆ ಹೋಗಿ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ಜಾಗ ಅದು. ಅದರಿಂದಾಗಿ ನಾಟಕದ ಹುಡುಗ ಹುಡುಗಿಯರು ಈ ಊರಲ್ಲಿ ಯಾವತ್ತೂ ಇರುತ್ತಾರೆ. ನಾಲ್ಕು ಜನ ಸಿಕ್ಕರೆ ನಿಮ್ಮ ಡೈಲಾಗ್ ಅವರ ಬಾಯಲ್ಲಿ ಓದಿಸಿ, ನೀವು ಬಾಯಿ ಮುಚ್ಚಿ ಕೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಗೆರೆ ಎಳೆಯಿರಿ.

ಹಾಗೇ ಆ ಆಲೆಮನೆ ಸೀನನ್ನು ಅಪ್ಪನಿಗೆ ಓದಿ ಹೇಳಿ. ಪಾಕದ ಲೆಕ್ಕದಲ್ಲಿ ಎಲ್ಲಾದರೂ ತಪ್ಪಿದ್ದರೆ ಅವರಿಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ?

ಪ್ರಶ್ನೆ: ದೊಡ್ಡ ಸ್ಪರ್ಧೆಗಳೆಲ್ಲಾ ಇಂಗ್ಲಿಷಿನಲ್ಲೇ ಕೇಳುತ್ತವೆ. ನಾನು ಯೋಚನೆ ಮಾಡೋದೇ ಕನ್ನಡದಲ್ಲಿ. ಏನು ಮಾಡಲಿ?
— ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಕನ್ನಡದಲ್ಲೇ ಬರೆಯಮ್ಮ. ಆಸ್ಕರ್ ಕೊಡುವ ಅಕಾಡೆಮಿಯವರ ನಿಕೋಲ್ ಫೆಲೋಶಿಪ್ ಅನ್ನುವ ಚಿತ್ರಕಥೆ ಸ್ಪರ್ಧೆಗೆ ಮೊದಲಿಂದಲೇ ಇಂಗ್ಲಿಷಿನಲ್ಲಿ ಬರೆದದ್ದೇ ಆಗಬೇಕು, ಅನುವಾದ ನಡೆಯಲ್ಲ, ನಿಜ. ಆದರೆ ಮಂಡ್ಯದ ಹಳ್ಳಿಯ ಮಾತಲ್ಲೇ ಬಂದ ‘ತಿಥಿ’ ನೋಡು. ಈರೇಗೌಡ ಅದೇ ಸೀಮೆಯವರು. ನಿರ್ದೇಶಕ ರಾಮ್ ರೆಡ್ಡಿ ಜೊತೆ ಸೇರಿ ತಮ್ಮ ಊರಿನ ಜನರನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆದರು, ಆ ಜನರೇ ಪಾತ್ರ ಮಾಡಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. ಇಂಗ್ಲಿಷ್ ಕೇಳಿದ ಬೇರೆ ಕಡೆ, ಅನುವಾದ ಒಪ್ಪುತ್ತಾರಾ ಅಂತ ನಿಯಮ ನೋಡಿ, ಆಮೇಲೆ ಅನುವಾದ ಮಾಡಿಕೊಳ್ಳಬಹುದು. ಒಂದು ಎಚ್ಚರ: ಒಂದು ಪುಟ ಅಂದರೆ ಒಂದು ನಿಮಿಷ ಅನ್ನುವ ಲೆಕ್ಕ 12 ಪಾಯಿಂಟ್ ಕೊರಿಯರ್ ಅಕ್ಷರದ ಇಂಗ್ಲಿಷ್ ಪುಟದ್ದು. ಕನ್ನಡ ಪುಟಕ್ಕೆ ಅದನ್ನು ಹಾಗೇ ಹಚ್ಚಬೇಡ. ಜೋರಾಗಿ ಓದಿ, ಗಡಿಯಾರ ನೋಡಿಕೊ.

ಪ್ರಶ್ನೆ: ಸ್ಪರ್ಧೆಗೆ ಕಳಿಸಿದರೆ ಕಥೆ ಕದಿಯುತ್ತಾರೆ ಅಂತ ಸ್ನೇಹಿತರು ಹೆದರಿಸುತ್ತಾರೆ.
— ಓದುಗ, ಮದ್ದೂರು

ಉತ್ತರ: ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು. 1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯ ಅಲ್ಲ. ಆದರೂ ಜಗಳ ಬಂದಾಗ ಕೈಯಲ್ಲೊಂದು ದಾಖಲೆ ಇರಲಿ. ಸಾಹಿತ್ಯ ಕೃತಿ ಅಂತ ಆನ್‌ಲೈನ್‌ನಲ್ಲೇ ಕಾಪಿರೈಟ್ ಕಚೇರಿಗೆ ಅರ್ಜಿ ಹಾಕಬಹುದು, ಫೀಸು 500 ರೂಪಾಯಿ.

ಬರೀ ಐಡಿಯಾಗೆ ಮಾತ್ರ ರಕ್ಷಣೆ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಅನ್ನುವ ನಾಟಕಕಾರರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತಮ್ಮ ನಾಟಕವನ್ನೇ ಸಿನಿಮಾ ಮಾಡಿದ್ದಾರೆ ಅಂತ ಅವರ ದೂರು. ವಿಷಯ ಒಂದೇ ಇದ್ದರೂ ಅದನ್ನು ಬೆಳೆಸಿದ ರೀತಿ ಬೇರೆ ಇದೆ ಅಂತ ಕೋರ್ಟ್ ಅವರ ದೂರು ಒಪ್ಪಲಿಲ್ಲ. ಹಾಗಾಗಿ ಎರಡು ಸಾಲಿನ ಕಥೆ ಹೇಳಿಕೊಂಡು ತಿರುಗಬೇಡಿ, ಪೂರ್ತಿ ಬರೆದು ಕಳಿಸಿ. ಕಳಿಸಿದ ಮೇಲ್, ಹಳೇ ಡ್ರಾಫ್ಟ್ ಯಾವುದನ್ನೂ ಅಳಿಸಬೇಡಿ. ಫೀಸು ಕಟ್ಟುವ ಮೊದಲು ಸ್ಪರ್ಧೆಯ ನಿಯಮದಲ್ಲಿ ಹಕ್ಕಿನ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿ ಓದಿ. ಬಂದ ಎಲ್ಲ ಸ್ಕ್ರಿಪ್ಟಿನ ಹಕ್ಕೂ ಸ್ಪರ್ಧೆ ನಡೆಸುವವರದ್ದು ಅಂತ ಇದ್ದರೆ, ಬಹುಮಾನ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಕಳಿಸಬೇಡಿ.