ಗಾಲಿ ಮೇಲಿನ ಕಪಾಟು ಸ್ಪ್ಯಾನರ್ ಲೆಕ್ಕ ಇಟ್ಟೀತೇ?

ಟೂಲ್ ಟ್ರಾಲಿ, ಸ್ಪೇರ್ ಕಪಾಟು, ಅದರೊಳಗೇ ಸ್ಟಾಕ್ ಲೆಕ್ಕ ಇಡುವ ವ್ಯವಸ್ಥೆ: ಈ ಸಲ ನಾಲ್ಕು ಪ್ರಶ್ನೆಗಳೂ ಇದೇ ವಿಷಯದವು. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದವರಿಗೂ ಬೇಕಾದದ್ದು ಅದರಲ್ಲೇ ಹೆಚ್ಚಿದೆ.

ಪ್ರಶ್ನೆ: ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಎಸಿ, ಪ್ಲಂಬಿಂಗ್, ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಗುತ್ತಿಗೆ ನಮ್ಮದು. ಹನ್ನೆರಡು ಜನ ಹುಡುಗರಿದ್ದಾರೆ, ಸ್ಕೂಟರಿನಲ್ಲಿ ಓಡಾಡುತ್ತಾರೆ. ಸ್ಟೋರು ಬೇಸ್‌ಮೆಂಟಿನಲ್ಲಿದೆ. ಆಗಾಗ ಒಂದು ಕ್ಲ್ಯಾಂಪ್ ಮೀಟರೋ ಡ್ರಿಲ್ಲೋ ಕಾಣೆಯಾಗುತ್ತದೆ. ಕೇಳಿದರೆ ‘ಅವನ ಹತ್ರ ಇದೆ ಸಾರ್’ ಅಂತಾರೆ. ಗಾಲಿ ಇರುವ ಆರ್‌ಎಫ್‌ಐಡಿ ಕಪಾಟು ತಗೊಳ್ಳಿ, ಬಾಗಿಲು ಹಾಕಿದ ತಕ್ಷಣ ಏನೇನು ಹೊರಗಿದೆ ಅಂತ ಫೋನಿಗೇ ಬರುತ್ತೆ ಎಂದು ಒಬ್ಬರು ಹೇಳಿಹೋದರು. ಬೆಲೆ ಕೇಳಿ ಗಾಬರಿಯಾಯಿತು. ತಗೊಳ್ಳಬಹುದಾ ಸರ್?

ಉತ್ತರ: ಈಗಲೇ ಬೇಡ. ಆ ಕಪಾಟು ಸುಳ್ಳು ಅಂತಲ್ಲ. ನಿಮ್ಮ ಹುಡುಗರು ಸ್ಕೂಟರಿನಲ್ಲಿ ಓಡಾಡುವವರು. ಕಪಾಟು ಬೇಸ್‌ಮೆಂಟಿನಲ್ಲಿ ಕೂತಿರುತ್ತದೆ, ಟೂಲು ಊರೆಲ್ಲ ಸುತ್ತುತ್ತಿರುತ್ತದೆ. ಟೂಲು ಹೊರಗಿದೆ ಎಂದು ಕಪಾಟು ಹೇಳೀತು. ಎರಡನೇ ಬ್ಲಾಕಿನ ಟೆರೇಸಿನಲ್ಲಿ ಮರೆತು ಬಂದಿದ್ದಾನೆ ಎಂದು ಹೇಳಲಾರದು.

ಆರ್‌ಎಫ್‌ಐಡಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದರೆ ಮಾರುವವರನ್ನು ಸರಿಯಾದ ಪ್ರಶ್ನೆ ಕೇಳಬಹುದು. ಪ್ರತಿ ಟೂಲಿಗೂ ಒಂದು ಸಣ್ಣ ಟ್ಯಾಗ್ ಅಂಟಿಸಿರುತ್ತಾರೆ, ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಕಪಾಟಿನೊಳಗಿನ ಆಂಟೆನಾ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ತಗೊಂಡು ಅದು ತನ್ನ ನಂಬರ್ ಹೇಳುತ್ತದೆ. ಈ ಏರ್ಪಾಟಿಗೆ ಲೋಹ ಆಗಿಬರುವುದಿಲ್ಲ. ಮಾಮೂಲಿ ಸ್ಟಿಕರ್ ಟ್ಯಾಗನ್ನು ಸ್ಪ್ಯಾನರಿನ ಮೇಲೆ ಅಂಟಿಸಿದರೆ ಅದರ ಆಂಟೆನಾದ ಶ್ರುತಿಯೇ ಕೆಡುತ್ತದೆ, ಟ್ಯಾಗ್ ಸುಮ್ಮನಾಗುತ್ತದೆ. ಲೋಹದ ಮೇಲೆ ಹಾಕಲೆಂದೇ ಮಾಡಿದ ದಪ್ಪ ಟ್ಯಾಗ್ ಬೇರೆ ಇದೆ, ಬೆಲೆಯೂ ಹಲವು ಪಟ್ಟು. 8 ಎಂಎಂ ಅಲೆನ್ ಕೀ ಮೇಲೆ ಅದನ್ನು ಕೂರಿಸುವುದೆಲ್ಲಿ? ಕೂರಿಸಿದರೂ ಎಷ್ಟು ದಿನ ಉಳಿದೀತು?

ಕಪಾಟು ಕೂಡ ಉಕ್ಕಿನದೇ. ಅದರಿಂದ ಒಂದು ಲಾಭವಿದೆ: ಅಲೆ ಒಳಗೇ ಉಳಿಯುತ್ತದೆ, ಪಕ್ಕದ ಮೇಜಿನ ಮೇಲಿರುವ ಟೂಲನ್ನು ‘ಒಳಗಿದೆ’ ಎಂದು ತಪ್ಪಾಗಿ ಎಣಿಸುವ ಸಂಭವ ಕಡಿಮೆ. ಆದರೆ ಅಲೆಗಳು ಗೋಡೆಗೆ ಬಡಿದು ಬಡಿದು ಕೆಲವು ಮೂಲೆಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಮೂಲೆಯಲ್ಲಿ ಬಿದ್ದ ಟೂಲು ಇದ್ದೂ ಇಲ್ಲ. ಆದ್ದರಿಂದ ಡೆಮೋ ಕೊಡಲು ಬಂದರೆ ಅವರು ತಂದ ಹೊಳೆಯುವ ಸೆಟ್ ಬೇಡ ಅನ್ನಿ. ನಿಮ್ಮದೇ ಎಣ್ಣೆ ಮೆತ್ತಿದ ಟೂಲುಗಳಿಗೆ ಟ್ಯಾಗ್ ಹಾಕಿಸಿ, ಡ್ರಾಯರ್ ತುಂಬಿಸಿ, ಅಡ್ಡಾದಿಡ್ಡಿ ಹಾಕಿ ಹತ್ತು ಸಲ ತೆಗೆದು ಮುಚ್ಚಿ. ಹತ್ತೂ ಸಲ ಒಂದೇ ಪಟ್ಟಿ ಬರಬೇಕು. ಒಂದೇ ಒಂದು ಸಲ ತಪ್ಪಿದರೂ, ಮುಂದೆ ನಿಜವಾಗಿ ಟೂಲು ಕಳೆದ ದಿನ ‘ಮಿಷನ್ನೇ ಸರಿಯಿಲ್ಲ ಸಾರ್’ ಎನ್ನುವ ಉತ್ತರ ಸಿದ್ಧವಾಗಿರುತ್ತದೆ.

ಇನ್ನೊಂದು ಸಂಗತಿ ಮಾರುವವರು ತಾವಾಗಿ ಹೇಳುವುದು ಅಪರೂಪ. ನಮ್ಮ ದೇಶದಲ್ಲಿ ಇಂಥ ಯುಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ) ಆರ್‌ಎಫ್‌ಐಡಿಗೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್. ಅಮೆರಿಕದಲ್ಲಿ 902–928, ಚೀನಾದಲ್ಲಿ 920–925. ಆ ದೇಶಗಳಿಗೆಂದು ಮಾಡಿದ ರೀಡರನ್ನು ಹಾಗೇ ತಂದು ಇಲ್ಲಿ ಹಚ್ಚುವಂತಿಲ್ಲ. ಭಾರತದ ಬ್ಯಾಂಡಿಗೆ ಸೆಟ್ ಆಗಿದೆಯೇ, ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯೂಪಿಸಿಯ ಟೈಪ್ ಅಪ್ರೂವಲ್ ಇದೆಯೇ ಎಂದು ಕೇಳಿ, ಕಾಗದ ಕೈಗೆ ತಗೊಳ್ಳಿ. ಜೊತೆಗೆ, ನಿಮ್ಮ ಸ್ಟೋರು ಇರುವುದು ಬೇಸ್‌ಮೆಂಟಿನಲ್ಲಿ. ಅಲ್ಲಿ ಫೋನಿಗೇ ಸಿಗ್ನಲ್ ಇರುವುದಿಲ್ಲ. ನೆಟ್‌ವರ್ಕ್ ಇಲ್ಲದಾಗ ಕಪಾಟು ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತದೆಯೇ, ಕರೆಂಟ್ ಹೋದರೆ ಬೀಗ ಹೇಗೆ ತೆಗೆಯುವುದು, ಇವೆರಡೂ ಲಿಖಿತವಾಗಿ ಬರಲಿ.

ಇಷ್ಟಕ್ಕೂ ಇಂಥ ಕಪಾಟುಗಳು ನಿಜವಾಗಿ ದುಡಿಯುವುದು ವಿಮಾನ ರಿಪೇರಿಯಲ್ಲಿ. ಅಲ್ಲಿ ಒಂದು ಟೂಲು ಲೆಕ್ಕಕ್ಕೆ ಸಿಗದಿದ್ದರೆ ಅದು ಎಂಜಿನ್ ಒಳಗೆ ಉಳಿದಿಲ್ಲ ಎಂದು ಖಾತ್ರಿಯಾಗುವ ತನಕ ವಿಮಾನ ಬಿಡುವುದಿಲ್ಲ. ಸ್ನ್ಯಾಪ್-ಆನ್ ಕಂಪನಿಯ ಒಂದು ಬಗೆಯ ಪೆಟ್ಟಿಗೆಯಲ್ಲಿ ಆರ್‌ಎಫ್‌ಐಡಿ ಬದಲು ಕ್ಯಾಮೆರಾ ಇದೆ. ಪ್ರತಿ ಟೂಲಿಗೂ ಫೋಮಿನಲ್ಲಿ ಅದರದೇ ಆಕಾರದ ಗುಂಡಿ ಕೊರೆದಿರುತ್ತಾರೆ, ಗುಂಡಿಯ ತಳ ಎದ್ದುಕಾಣುವ ಬಣ್ಣದ್ದು. ಡ್ರಾಯರ್ ಎಳೆದು ತಳ್ಳುವಾಗ ಕ್ಯಾಮೆರಾ ನೋಡುತ್ತದೆ: ಬಣ್ಣ ಕಂಡರೆ ಟೂಲು ಇಲ್ಲ.

ನಿಮಗೆ ಬೇಕಾದದ್ದು ಈ ಫೋಮು, ಕ್ಯಾಮೆರಾ ಅಲ್ಲ. ಕಪ್ಪು ಇವಿಎ ಫೋಮ್ ಶೀಟಿನ ಕೆಳಗೆ ಹಳದಿ ಶೀಟ್ ಅಂಟಿಸಿ, ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ರೂಟರ್ ಕಟಿಂಗ್ ಮಾಡುವವರ ಬಳಿ ಕೊರೆಸಿ. ಹುಡುಗರಿಗೆ ಒಬ್ಬೊಬ್ಬರಿಗೆ ಒಂದೊಂದು, ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಟೂಲ್ ಬಾಕ್ಸ್ ಕೊಡಿ. ಹನ್ನೆರಡರೊಳಗೂ ಅದೇ ಟೂಲು, ಅದೇ ಜಾಗ. ಸಂಜೆ ಬಂದವನು ಮುಚ್ಚಳ ತೆಗೆದು ಫೋಟೋ ಹೊಡೆದು ವಾಟ್ಸ್ಯಾಪ್ ಗುಂಪಿಗೆ ಹಾಕಲಿ. ಹಳದಿ ಕಂಡರೆ ಅಲ್ಲೇ ಕೇಳಿ, ಮರುದಿನಕ್ಕೆ ಬಿಡಬೇಡಿ. ಎಲ್ಲರೂ ಹಂಚಿಕೊಳ್ಳುವ ದುಬಾರಿ ಸಾಮಾನು, ಅಂದರೆ ವ್ಯಾಕ್ಯೂಮ್ ಪಂಪ್, ಗ್ಯಾಸ್ ಗೇಜ್ ಸೆಟ್, ದೊಡ್ಡ ಹ್ಯಾಮರ್ ಡ್ರಿಲ್, ಇವಕ್ಕೆ ಮಾತ್ರ ಕ್ಯೂಆರ್ ಕೋಡ್ ಅಂಟಿಸಿ. ತೆಗೆದುಕೊಂಡವನು ಸ್ಕ್ಯಾನ್ ಮಾಡಿದರೆ ಹೆಸರು, ಹೊತ್ತು ಒಂದು ಶೀಟಿಗೆ ಬೀಳುವಂತೆ ಮಾಡುವುದು ಅರ್ಧ ದಿನದ ಕೆಲಸ. ಲೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬಿಲ್ಲಿಂಗ್ ಕೌಂಟರಿನ ಥರ್ಮಲ್ ಕಾಗದ ಬಿಸಿಲಿಗೂ ಎಣ್ಣೆಗೂ ಮಾಸಿಹೋಗುತ್ತದೆ. ಪಾಲಿಯೆಸ್ಟರ್ ಲೇಬಲ್ ಮೇಲೆ ರೆಸಿನ್ ರಿಬ್ಬನ್ನಿನಲ್ಲಿ ಪ್ರಿಂಟ್ ಮಾಡಿಸಿ.

ಸ್ಪೇರುಗಳ ಕಥೆ ಬೇರೆ. ಟೆಫ್ಲಾನ್ ಟೇಪು, ವಾಷರು, ಸ್ಕ್ರೂ ಎಣಿಸಲು ಹೋಗಬೇಡಿ, ಎಣಿಸುವ ಕೂಲಿಯೇ ಹೆಚ್ಚಾಗುತ್ತದೆ. ಎರಡು ಡಬ್ಬಿ ಇಡಿ. ಮುಂದಿನದು ಖಾಲಿಯಾದಾಗ ಹಿಂದಿನದನ್ನು ಮುಂದೆ ತಂದು, ಖಾಲಿ ಡಬ್ಬಿಯನ್ನು ಸ್ಟೋರಿನ ಮೇಜಿಗೆ ಇಟ್ಟರೆ ಅದೇ ಆರ್ಡರ್. ಎಸಿ ಕೆಪಾಸಿಟರ್, ಕಾಂಟ್ಯಾಕ್ಟರ್, ಟ್ಯಾಪ್ ಕಾರ್ಟ್ರಿಜ್‌ಗಳನ್ನು ಎಣಿಸಿ. ಎಷ್ಟಕ್ಕೆ ಇಳಿದಾಗ ತರಿಸಬೇಕು? ದಿನಕ್ಕೆ ಎಷ್ಟು ಖರ್ಚಾಗುತ್ತದೆಯೋ ಅದನ್ನು, ತರಿಸಲು ಹಿಡಿಯುವ ದಿನಗಳಿಂದ ಗುಣಿಸಿ, ಕೈತಪ್ಪಿಗೆಂದು ಸ್ವಲ್ಪ ಸೇರಿಸಿ. ದಿನಕ್ಕೆ 2 ಕೆಪಾಸಿಟರ್, ಬರಲು 3 ದಿನ ಎಂದಾದರೆ 6, ಮೇಲೆ 4. ಹತ್ತಕ್ಕೆ ಇಳಿದಾಗ ಫೋನ್ ಮಾಡಿ. ಮಾರ್ಚ್ ಬರುತ್ತಿದ್ದಂತೆ ಈ ಸಂಖ್ಯೆ ಏರಿಸಿ, ಮಳೆ ಹಿಡಿದ ಮೇಲೆ ಇಳಿಸಿ. ನಿಮ್ಮ ಕಡೆಯ ಬೋರ್‌ವೆಲ್ ಗಡಸು ನೀರಿಗೆ ಕಾರ್ಟ್ರಿಜ್ ಮಾತ್ರ ವರ್ಷವಿಡೀ ಹೋಗುತ್ತಿರುತ್ತದೆ. ಎಸ್‌ಪಿ ರೋಡಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ತರಬಹುದಾದ ಸಾಮಾನನ್ನು ಪೆಟ್ಟಿಗೆಗಟ್ಟಲೆ ತುಂಬಿಕೊಂಡು, ಅದನ್ನು ಎಣಿಸಲು ಕಪಾಟು ಕೊಳ್ಳುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಭಾನುವಾರದ ಮಟ್ಟಿಗೆ ಕೈಯಲ್ಲಿದ್ದರೆ ಸಾಕು.

ಆರು ತಿಂಗಳು ಹೀಗೆ ನಡೆಸಿ. ಆಮೇಲೂ ಟೂಲು ಕಳೆಯುತ್ತಿದ್ದರೆ, ಯಾವುದು ಕಳೆಯುತ್ತಿದೆ ಎಂಬ ಪಟ್ಟಿ ನಿಮ್ಮ ಬಳಿ ಇರುತ್ತದೆ. ಆ ಪಟ್ಟಿ ಹಿಡಿದು ಕಪಾಟಿನವರನ್ನು ಕರೆಸಿ.

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ ಜಾಬ್‌ವರ್ಕ್ ಮಾಡುತ್ತೇವೆ. ಲೋಹ ಕತ್ತರಿಸುವ ಸಣ್ಣ ಬಿಲ್ಲೆಗಳು, ಅಂದರೆ ಕಾರ್ಬೈಡ್ ಇನ್ಸರ್ಟ್, ಇವುಗಳ ಖರ್ಚು ಕೈಮೀರಿದೆ. ತೂಕ ನೋಡಿ ತಾನೇ ಎಣಿಸುವ ಬಿನ್‌ಗಳಿರುವ ಗಾಲಿ ಕಪಾಟು ಬಂದಿದೆಯಂತೆ. ಮಿಷನ್ನಿನಿಂದ ಮಿಷನ್ನಿಗೆ ತಳ್ಳಿಕೊಂಡು ಹೋಗಬಹುದು ಅಂತಾರೆ. ನಮಗೆ ಸರಿಹೋಗುತ್ತದೆಯೇ?

ಉತ್ತರ: ನಿಮಗೆ ಲೆಕ್ಕ ಇಡುವ ಕಪಾಟು ಬೇಕು, ಅನುಮಾನವಿಲ್ಲ. ತೂಕದ್ದು ಬೇಡ.

ತೂಕದ ಬಿನ್ನಿನ ಕೆಳಗೆ ಭಾರ ಅಳೆಯುವ ಲೋಡ್ ಸೆಲ್ ಇರುತ್ತದೆ. ಒಂದು ಪೀಸಿನ ತೂಕದಿಂದ ಒಟ್ಟು ತೂಕವನ್ನು ಭಾಗಿಸಿ ಸಂಖ್ಯೆ ಹೇಳುತ್ತದೆ. ನಟ್ಟು ಬೋಲ್ಟಿಗೆ ಒಳ್ಳೆಯದು, ಅದರಲ್ಲೂ ಮಿತಿಯಿದೆ: 6 ಗ್ರಾಂ ಬೋಲ್ಟು 500 ಇದ್ದರೆ 3 ಕೆಜಿ, ಹೊಸ ಲಾಟಿನ ತೂಕದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸ ಬಂದರೆ ಐದು ಬೋಲ್ಟು ಹೆಚ್ಚುಕಮ್ಮಿ. ಬೋಲ್ಟಿಗೆ ಅದು ಲೆಕ್ಕಕ್ಕಿಲ್ಲ, ಇನ್ಸರ್ಟಿಗೆ ಐದು ಅಂದರೆ ದುಡ್ಡು. ಮೇಲಾಗಿ ಲೋಡ್ ಸೆಲ್‌ಗೆ ಸಮತಟ್ಟಾದ ನೆಲ ಬೇಕು. ಶಾಪ್ ಫ್ಲೋರಿನ ಇಳಿಜಾರಿನಲ್ಲಿ ತಳ್ಳಿ ನಿಲ್ಲಿಸಿದಲ್ಲೆಲ್ಲ ಅದು ಒಂದೊಂದು ತೂಕ ತೋರಿಸೀತು. ಗಾಲಿಗೂ ತಕ್ಕಡಿಗೂ ಹೊಂದಿಕೆ ಕಷ್ಟ.

ನಿಮಗೆ ಒಪ್ಪುವುದು, ಕಾರ್ಡ್ ತೋರಿಸಿದರೆ ಒಂದು ಗೂಡು ಮಾತ್ರ ತೆರೆದುಕೊಳ್ಳುವ ಬಗೆಯದು. ಯಾರು, ಯಾವ ಮಿಷನ್ನಿಗೆ, ಯಾವ ಜಾಬಿಗೆ ತಗೊಂಡರು ಎಂಬುದು ತೆಗೆಯುವಾಗಲೇ ದಾಖಲಾಗಬೇಕು. ಬೆರಳಚ್ಚಿನ ಬೀಗ ಬೇಡ. ಕೂಲೆಂಟ್ ಹಿಡಿದ, ಗೆರೆ ಸವೆದ ಬೆರಳನ್ನು ಅದು ಓದುವುದಿಲ್ಲ, ಎರಡೇ ವಾರದಲ್ಲಿ ಬಾಗಿಲಿಗೆ ಕಟ್ಟಿಗೆ ತುಂಡು ಸಿಕ್ಕಿಸಿ ತೆರೆದೇ ಇಟ್ಟಿರುತ್ತಾರೆ.

ಆದರೆ ದುಡ್ಡು ಸೋರುತ್ತಿರುವುದು ಕಪಾಟಿನಲ್ಲಿ ಅಲ್ಲವೇನೋ. ಸ್ಕ್ರ್ಯಾಪ್ ಡಬ್ಬಿ ಸುರಿದು ನೋಡಿ. ಸಿಎನ್‌ಎಂಜಿ ಮಾದರಿಯ ಇನ್ಸರ್ಟಿಗೆ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಕತ್ತರಿಸುವ ಮೂಲೆ. ರಾತ್ರಿ ಪಾಳಿಯಲ್ಲಿ ಎರಡು ಮೂಲೆ ಬಳಸಿ ಎಸೆದವು ಎಷ್ಟಿವೆ ಎಂದು ಎಣಿಸಿ. ಹಳೆಯದು ಕೊಟ್ಟರೆ ಮಾತ್ರ ಹೊಸದು ಎಂಬ ನಿಯಮ ಮಾಡಿ, ನಾಲ್ಕೂ ಮೂಲೆ ಸವೆದಿದೆಯೇ ಎಂದು ಸೂಪರ್‌ವೈಸರ್ ನೋಡಲಿ. ಬಳಸಿದ ಕಾರ್ಬೈಡಿಗೆ ಟಂಗ್‌ಸ್ಟನ್ ಇರುವುದರಿಂದ ಒಳ್ಳೆ ಬೆಲೆ ಇದೆ. ಕಬ್ಬಿಣದ ಚೂರಿನ ಜೊತೆ ಬೆರೆಸದೆ ಬೇರೆ ಮಾರಿ.

ಕಪಾಟು ಕೊಳ್ಳುವಾಗ ಗಾಲಿ ನೋಡಿ. 5 ಇಂಚಿನ ಪಿಯು (ಪಾಲಿಯುರೆಥೇನ್) ಗಾಲಿ, ಎರಡು ತಿರುಗುವಂಥವು ಬ್ರೇಕ್ ಸಹಿತ, ಎರಡು ನೇರ. ಸಣ್ಣ ನೈಲಾನ್ ಗಾಲಿ ಲೋಹದ ಚೂರಿಗೆ ತಡೆದು ನಿಂತುಬಿಡುತ್ತದೆ. ಒಂದು ಡ್ರಾಯರ್ ತೆರೆದಾಗ ಇನ್ನೊಂದು ತೆರೆಯದಂತೆ ತಡೆ ಇರಲೇಬೇಕು. ಇಲ್ಲದಿದ್ದರೆ ಭಾರದ ಡ್ರಾಯರ್ ಎರಡು ಒಟ್ಟಿಗೆ ಎಳೆದವನ ಮೈಮೇಲೆ ಕಪಾಟೇ ಮಗುಚುತ್ತದೆ. ಟಾರ್ಕ್ ರೆಂಚ್ ಇದ್ದರೆ ಅದೇ ಸಾಫ್ಟ್‌ವೇರಿನಲ್ಲಿ ಕ್ಯಾಲಿಬ್ರೇಷನ್ (ಅಳತೆ ಸರಿ ಇದೆಯೇ ಎಂಬ ತಪಾಸಣೆ) ತಾರೀಕನ್ನೂ ಹಾಕಿ. ಬೇರೆ ನಿಯಮ ಮಾಡಿಕೊಂಡಿಲ್ಲದಿದ್ದರೆ ಐಎಸ್‌ಒ 6789 ಪ್ರಕಾರ 12 ತಿಂಗಳು ಅಥವಾ 5,000 ಸಲದ ಬಳಕೆ, ಯಾವುದು ಮೊದಲೋ ಅದು. ಅವಧಿ ಮುಗಿದದ್ದರ ಗೂಡು ತೆರೆಯದಂತೆ ಮಾಡಲು ಆಗುತ್ತದೆಯೇ ಎಂದು ಕೇಳಿ. ಆಡಿಟ್‌ಗೆ ಬಂದವರು ಮೊದಲು ಕೈಹಾಕುವುದೇ ಅಲ್ಲಿಗೆ.

ಪ್ರಶ್ನೆ: ಮನೆಯಲ್ಲೇ ಸಣ್ಣ ಎಲೆಕ್ಟ್ರಾನಿಕ್ಸ್ ಲ್ಯಾಬ್ ಇದೆ. ಎಸ್‌ಪಿ ರೋಡಿನಿಂದ ತಂದ ಐಸಿಗಳೇ ಮತ್ತೆ ಮತ್ತೆ ತರುತ್ತಿದ್ದೇನೆ, ಇದ್ದದ್ದು ಸಿಗುವುದಿಲ್ಲ. ಯಾವ ಕಪಾಟು, ಯಾವ ಸಾಫ್ಟ್‌ವೇರ್?

ಉತ್ತರ: ಸಾಫ್ಟ್‌ವೇರಿಗೆ ಖರ್ಚು ಬೇಡ. ಇನ್‌ವೆನ್‌ಟ್ರೀ ಎಂಬುದು ಓಪನ್ ಸೋರ್ಸ್, ಬಿಡಿಭಾಗಗಳ ಲೆಕ್ಕಕ್ಕೆಂದೇ ಮಾಡಿದ್ದು, ಹಳೇ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಪ್ರತಿ ಡ್ರಾಯರಿಗೆ ಒಂದು ನಂಬರ್ ಕೊಡಿ, ಐಸಿಯ ಹೆಸರು ಹುಡುಕಿದರೆ ಡ್ರಾಯರ್ ನಂಬರ್ ಬರಬೇಕು, ಅಷ್ಟೇ. ರೆಸಿಸ್ಟರುಗಳನ್ನು ಎಣಿಸಬೇಡಿ. ಐಸಿಗಳಿಗೆ ಮಾಮೂಲಿ ಪ್ಲಾಸ್ಟಿಕ್ ಡ್ರಾಯರ್ ಆಗದು, ಸ್ಥಿರ ವಿದ್ಯುತ್ತಿಗೆ ಹಾಳಾಗುತ್ತವೆ. ಕಪ್ಪು ಕಂಡಕ್ಟಿವ್ ಬಿನ್ ತಂದು ಕಪಾಟನ್ನು ಅರ್ಥ್ ಮಾಡಿ. ತೇವಕ್ಕೆ ಸೂಕ್ಷ್ಮವಾದ ಭಾಗಗಳ ಪ್ಯಾಕೆಟ್ ಮೇಲೆ ಎಂಎಸ್‌ಎಲ್ ಎಂದು ಬರೆದಿರುತ್ತದೆ. ಎಂಎಸ್‌ಎಲ್ 3 ಅಂದರೆ ಪ್ಯಾಕೆಟ್ ಒಡೆದ ಮೇಲೆ 168 ಗಂಟೆಯೊಳಗೆ ಬೆಸುಗೆ ಆಗಬೇಕು. ನಮ್ಮ ಜುಲೈ, ಆಗಸ್ಟ್ ಹವೆಯಲ್ಲಿ ಉಳಿದದ್ದನ್ನು ಸಿಲಿಕಾ ಜೆಲ್ ಹಾಕಿ ಮತ್ತೆ ಸೀಲ್ ಮಾಡಿ, ಒಡೆದ ತಾರೀಕನ್ನು ಪ್ಯಾಕೆಟ್ ಮೇಲೇ ಬರೆದುಬಿಡಿ.

ಪ್ರಶ್ನೆ: ವಿಲ್ಸನ್ ಗಾರ್ಡನ್ನಿನಲ್ಲಿ ಗ್ಯಾರೇಜ್ ಇಟ್ಟಿದ್ದೇನೆ. ಇಪ್ಪತ್ತು ವರ್ಷದಿಂದ ಜೊತೆಗಿರುವ ಮೇಸ್ತ್ರಿ, ‘ಕಪಾಟಿಗೆ ಕ್ಯಾಮೆರಾ ಹಾಕಿದರೆ ನನ್ನ ಮೇಲೇ ಅನುಮಾನ ಅಂತ ಆಯ್ತಲ್ಲಾ ಅಣ್ಣ’ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಏನು ಮಾಡಲಿ?

ಉತ್ತರ: ಮೇಸ್ತ್ರಿ ಹೇಳುವುದರಲ್ಲಿ ನ್ಯಾಯವಿದೆ. ಕ್ಯಾಮೆರಾ ಡ್ರಾಯರ್ ನೋಡಲಿ, ಮುಖ ನೋಡುವುದು ಬೇಡ. ಅಂಥ ಮಾಡೆಲ್ ಸಿಗದಿದ್ದರೆ ಕ್ಯಾಮೆರಾವೇ ಬೇಡ. ಯಾವ ಟೂಲಿಗೆ ಯಾವ ಜಾಗ ಎಂಬುದನ್ನು ಅವರ ಕೈಯಲ್ಲೇ ಹಂಚಿಸಿ. ದಿನಾ ಬಳಸುವ 10–11, 12–13 ಸ್ಪ್ಯಾನರುಗಳನ್ನು ಸೊಂಟದ ಎತ್ತರದ ಡ್ರಾಯರಿನಲ್ಲಿ ಇಡಲು ಹೇಳುವವರು ಅವರೇ ಆಗಿರಬೇಕು, ಸಾಫ್ಟ್‌ವೇರಿನವರಲ್ಲ. ಮೊದಲ ಕಾರ್ಡು ಅವರಿಗೆ ಕೊಡಿ, ಎರಡನೆಯದನ್ನು ನೀವು ಇಟ್ಟುಕೊಂಡು, ನೀವು ಟೂಲು ತೆಗೆದಾಗಲೂ ಸ್ಕ್ಯಾನ್ ಮಾಡಿ. ಮಾಲೀಕರ ಹೆಸರೂ ಪಟ್ಟಿಯಲ್ಲಿ ಬಂದರೆ ಅರ್ಧ ಬೇಜಾರು ಅಲ್ಲೇ ಇಳಿಯುತ್ತದೆ. ಕಳೆದ ಟೂಲಿನ ದುಡ್ಡು ಸಂಬಳದಲ್ಲಿ ಹಿಡಿಯುವ ಯೋಚನೆ ಇದ್ದರೆ ಕೈಬಿಡಿ, ಆ ಭಯಕ್ಕೇ ಹುಡುಗರು ಸ್ಕ್ಯಾನ್ ಮಾಡದೆ ತೆಗೆಯುವುದನ್ನು ಕಲಿಯುತ್ತಾರೆ.