ಅಮೆರಿಕದಲ್ಲಿ ಬಜೆಟ್ ಕೊರತೆ ಜಾಸ್ತಿ ಮಾಡುವುದು ಯಾವ ಪಕ್ಷ?

ರಿಪಬ್ಲಿಕನ್ನರದು ಬಿಗಿ ಕೈ, ಡೆಮಾಕ್ರಟರದು ದುಂದು ಅಂತ ಒಂದು ಮಾತಿದೆ ಅಲ್ವಾ? ಲೆಕ್ಕ ಹಾಗೆ ಹೇಳುವುದಿಲ್ಲ. ಡೆಮಾಕ್ರಟ್ ಕ್ಲಿಂಟನ್ ಕಾಲದಲ್ಲಿ, 1998ರಿಂದ ಸತತ ನಾಲ್ಕು ಬಜೆಟ್‌ಗಳಲ್ಲಿ ದುಡ್ಡು ಮಿಕ್ಕಿತ್ತು. 2000ರಲ್ಲಿ ಸುಮಾರು 23,600 ಕೋಟಿ ಡಾಲರ್! (ಆಗ ಸಂಸತ್ತು ರಿಪಬ್ಲಿಕನ್ನರ ಕೈಲಿತ್ತು, ಷೇರುಪೇಟೆಯೂ ಏರಿತ್ತು.) ಆಮೇಲೆ ರಿಪಬ್ಲಿಕನ್ ಬುಷ್ ಬಂದು ತೆರಿಗೆ ಇಳಿಸಿದರು, ಯುದ್ಧಗಳೂ ಶುರುವಾದವು, ಕೊರತೆ ವಾಪಸ್ ಬಂತು. ರಿಪಬ್ಲಿಕನ್ ಟ್ರಂಪ್ ಅವಧಿಯಲ್ಲಿ ಕೊರೊನಾಗೂ ಮೊದಲೇ, 2019ರಲ್ಲಿ, ಅದು 98,400 ಕೋಟಿ ಡಾಲರ್ ಮುಟ್ಟಿತ್ತು.

ಆದರೆ ವರ್ಷ ನೋಡಿ ಸುಮ್ನೆ ಅಧ್ಯಕ್ಷರನ್ನು ದೂರಬೇಡಿ. ಅಲ್ಲಿ ಹಣಕಾಸು ವರ್ಷ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಶುರುವಾಗುತ್ತದೆ. 2009ರ 1.4 ಲಕ್ಷ ಕೋಟಿ ಡಾಲರ್ ಕೊರತೆಯನ್ನು ಡೆಮಾಕ್ರಟ್ ಒಬಾಮ ತಲೆಗೆ ಕಟ್ಟುವವರಿದ್ದಾರೆ. ಆದರೆ ಒಬಾಮ ಕುರ್ಚಿ ಹಿಡಿಯುವ ಮೊದಲೇ ಸಂಸತ್ತಿನ ಬಜೆಟ್ ಕಚೇರಿ 1.2 ಲಕ್ಷ ಕೋಟಿಯ ಅಂದಾಜು ಕೊಟ್ಟಾಗಿತ್ತು.